ಗುಡಾರದ ದಿಕ್ಕು

ಮನೆ, ಮಹಡಿಯ ಕೋಣೆ
ನವೆಂಬರ್ ೮, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಚಳಿ ಶುರುವಾದರೆ ನಿನ್ನ ಬಲಗೈ ಬೆರಳುಗಳು ಮರಗಟ್ಟುತ್ತಿದ್ದವಲ್ಲ, ಈಗಲೂ ಹಾಗೇನಾ? ಹೋದ ವರ್ಷದ ಕಾರ್ಡಿನಲ್ಲಿ ನಿನ್ನ ಅಕ್ಷರ ಸ್ವಲ್ಪ ನಡುಗಿದಂತೆ ಕಂಡಿತು. ಬಸ್ಸಿನಲ್ಲಿ ಕೂತು ಬರೆದೆಯೋ ಏನೋ. ವರ್ಷಕ್ಕೊಂದು ಕಾರ್ಡು, ಅದರಲ್ಲಿ ಎರಡು ಸಾಲು. ಅಷ್ಟರಲ್ಲೇ ನಿನ್ನ ಆರೋಗ್ಯ ತಿಳಿದುಕೊಳ್ಳುವುದನ್ನು ಈ ಏಳು ವರ್ಷಗಳಲ್ಲಿ ಕಲಿತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವಿನ ಜತೆ ಸ್ನೇಹವಾಗಿದೆ ಎನ್ನುತ್ತಾಳೆ. ನನಗೆ ಸಂಗ್ರಹಾಲಯದಲ್ಲಿ ಅದೇ ಮೇಜು, ಅದೇ ಕುಂಟು ಕುರ್ಚಿ. ಅದರ ಕಾಲಿನಡಿ ನೀನು ಮಡಚಿ ಇಟ್ಟಿದ್ದ ರಟ್ಟು ಇನ್ನೂ ಅಲ್ಲೇ ಇದೆ. ಗುಡಿಸುವಾಕೆಗೆ ಅದನ್ನು ಮುಟ್ಟಬೇಡ ಎಂದು ಹೇಳಿಟ್ಟಿದ್ದೇನೆ.

ಇನ್ನು ಅಪ್ಪನ ವಿಷಯ. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿಗೆ ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಆಪರೇಷನ್. ಕಣ್ಣಿನ ಡಾಕ್ಟರು ಮುಚ್ಚಿಟ್ಟು ಮಾತಾಡುವವರಲ್ಲ. ಇರುವಷ್ಟು ಉಳಿದರೆ ಪುಣ್ಯ, ಉಳಿಯದೆಯೂ ಹೋಗಬಹುದು ಎಂದರು. ಈಗ ಕಿಟಕಿಗೆ ಮುಖ ಮಾಡಿ ಕೂತು ಭೂತಗನ್ನಡಿ ಹಿಡಿದರೆ ಒಂದೊಂದೇ ಸಾಲು ಓದುತ್ತಾರೆ. ಬಾಕಿಯದನ್ನು ನಾನು ಓದಿ ಹೇಳುತ್ತೇನೆ. ನೀನು ಹೋದಾಗಿನಿಂದ ಆ ಕೆಲಸ ನನ್ನದು, ಕಚೇರಿಯಿಂದ ಬಂದು ಚಹಾ ಕುಡಿದ ಮೇಲೆ ಒಂದು ಗಂಟೆ, ಸುತ್ತಿಗೆ ದೊರೆಯ ಟಿಪ್ಪಣಿ ಪುಸ್ತಕಗಳು. ದೊರೆಗಳ ಕಾಲದಲ್ಲಿ ಹಡಗಿನಲ್ಲಿ ಬಂದು, ಈ ಬೆಟ್ಟಗಳನ್ನೆಲ್ಲ ಸುತ್ತಿಗೆಯಿಂದ ತಟ್ಟಿ ನೋಡಿ ಹೋದ ಆ ಭೂವಿಜ್ಞಾನಿ ನಮ್ಮ ಮನೆಯ ಐದನೆಯವನು ಎಂದು ಅಮ್ಮ ಅಣಕಿಸುತ್ತಿದ್ದಳಲ್ಲ, ಈಗ ಅವನು ನಾಲ್ಕನೆಯವನು. ಓದುವಾಗ ಅಪ್ಪ ಎಷ್ಟೋ ಸಲ ನನ್ನನ್ನು ನಿನ್ನ ಹೆಸರಿನಿಂದ ಕರೆಯುತ್ತಾರೆ. ನಾನು ತಿದ್ದುವುದಿಲ್ಲ. ಒಂದು ಸಂಜೆ ನಡುವೆ ನಿಲ್ಲಿಸಿ, “ನೀನು ಓದಿದರೆ ಅಂಕಿ ಕೇಳಿಸುತ್ತೆ ಕಣಮ್ಮ. ಅವಳು ಓದಿದರೆ ಆ ಮನುಷ್ಯ ನಡೀತಾ ಇರೋದು ಕಾಣ್ತಿತ್ತು” ಅಂದರು. ಬೇಸರ ಮಾಡಲು ಹೇಳಿದ ಮಾತಲ್ಲ ಅದು. ಅಳತೆ ಹೇಳಿದ ಹಾಗೆ ಹೇಳಿದರು.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ, ನಾನು ಅದನ್ನು ಹೇಗೆ ನೆನಪಿಟ್ಟುಕೊಂಡಿದ್ದೇನೆ ಎಂದು ತಿಳಿಯಲಿ. ದೊರೆ ಶಿಬಿರ ಬಿಟ್ಟು ಹೊರಟರೆ, ನಿಂತಲ್ಲೆಲ್ಲ ದಿಕ್ಸೂಚಿಯ ಸೂಜಿ ನೋಡಿ ನಡೆಯುವ ದಿಕ್ಕಿನ ಕೋನ ಬರೆಯುತ್ತಿದ್ದ, ಹೆಜ್ಜೆ ಎಣಿಸಿ ದೂರ ಬರೆಯುತ್ತಿದ್ದ. ಎಲ್ಲ ಪುಸ್ತಕಗಳಲ್ಲೂ ಅದು ನಕ್ಷೆಗೆ ಹೊಂದುತ್ತದೆ, ಒಂಬತ್ತನೆಯದು ಮತ್ತು ಹತ್ತನೆಯದು ಬಿಟ್ಟು. ಅವೆರಡರಲ್ಲಿ, ಬೆಟ್ಟದ ತುದಿಯಲ್ಲಿರಬೇಕಾದವನು ಹೊಳೆಯ ನಡುವೆ ನಿಂತಿರುತ್ತಾನೆ. ಅಲ್ಲಿಯ ಬಂಡೆಗಳಲ್ಲಿರುವ ಕಬ್ಬಿಣ ಸೂಜಿಯನ್ನು ಎಳೆದಿದೆ ಎಂಬುದು ಅಪ್ಪನ ತೀರ್ಮಾನ. ಹನ್ನೊಂದು ವರ್ಷ ಕೂತು ಒಂದೊಂದು ಕೋನವನ್ನೂ ತಿದ್ದಿದರು. ಆ ಟಿಪ್ಪಣಿಗಳನ್ನೆಲ್ಲ ಸೇರಿಸಿ ಅಪ್ಪ ಸಿದ್ಧಪಡಿಸಿದ ಪುಸ್ತಕ ಅಚ್ಚಿಗೆ ಹೋಗುವ ದಿನ, ಮುದ್ರಕರ ಎದುರಿಗೇ, ನೀನು ದೊರೆಯ ದಾರಿಯನ್ನು ಟ್ರೇಸಿಂಗ್ ಕಾಗದದ ಮೇಲೆ ತಿದ್ದದ ಅಂಕಿಗಳಿಂದ ಬರೆದು ತಂದೆ. ಶಿಬಿರದ ಚುಕ್ಕಿಗೆ ಗುಂಡುಪಿನ್ನು ಚುಚ್ಚಿ, ಕಾಗದವನ್ನು ನಕ್ಷೆಯ ಮೇಲೆ ಅರ್ಧ ಸುತ್ತು ತಿರುಗಿಸಿದೆ. ಹೊಳೆ ದಾಟುವ ಜಾಗ, ಎರಡು ಬಾವಿ, ಕಣಿವೆಯ ಬಾಯಿ, ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. “ಇವನು ಹೋಗೋ ಕಡೆ ನೋಡ್ತಿಲ್ಲ ಅಪ್ಪ, ಬಿಟ್ಟು ಬಂದ ಕಡೆ ನೋಡ್ತಿದ್ದಾನೆ” ಅಂದೆ. ಅಪ್ಪ ಪಿನ್ನು ಕಿತ್ತು, ಕಾಗದ ಮಡಚಿ ನಿನ್ನ ಕೈಗೆ ಕೊಟ್ಟರು. “ಯಾಕೆ ನೋಡ್ತಾನೆ? ಕಾರಣ ಹೇಳು. ಕಾರಣ ಇಲ್ಲದ್ದು ಬರೀ ಊಹೆ.” ನಿನ್ನ ಹತ್ತಿರ ಕಾರಣವಿರಲಿಲ್ಲ. ಮುದ್ರಕರು ಗಡಿಯಾರ ನೋಡಿಕೊಂಡರು. ಪುಸ್ತಕ ಹಾಗೆಯೇ ಅಚ್ಚಾಯಿತು, ಆ ತಿಂಗಳೇ ನೀನು ದೂರದ ಕೆಲಸ ಒಪ್ಪಿಕೊಂಡೆ. ಕಲ್ಲು ಒಡೆಯಲು ಸುತ್ತಿಗೆಯಾದರೂ ಇದೆ, ಈ ಅಪ್ಪ ಮಗಳಿಗೆ ಏನಿದೆ ಎಂದು ಅಮ್ಮ ಇವತ್ತಿಗೂ ಪಾತ್ರೆ ತೊಳೆಯುತ್ತಾ ಗೊಣಗುತ್ತಾಳೆ.

ಅಕ್ಕಾ, ಕಾರಣ ಸಿಕ್ಕಿದೆ. ದೊರೆಯ ಪೆಟ್ಟಿಗೆಗಳಲ್ಲಿ ಕಲ್ಲುಗಳಿಗೆ ಹೊಸ ಕಾಗದ ಸುತ್ತುವ ಕೆಲಸ ನನ್ನದು. ೪೧೭ ಎಂಬ ಸಂಖ್ಯೆಯದು ಸಾಧಾರಣ ಬೆಣಚುಕಲ್ಲು. ಅದರಲ್ಲಿ ನೋಡುವುದೇನಿದೆ ಎಂದು ಯಾರೂ ಅದರ ಸುತ್ತು ಬಿಚ್ಚಿರಲಿಲ್ಲ. ಬಿಚ್ಚಿದರೆ, ಸುತ್ತಿದ್ದ ಕಾಗದವೇ ದೊರೆ ಹೆಂಡತಿಗೆ ಬರೆದ ಪತ್ರದ ಕರಡು. ಎರಡು ಕಡೆ ಹೊಡೆದು ಹಾಕಿದ್ದಾನೆ. ಶುದ್ಧಪ್ರತಿ ಬರೆದು ಕಳಿಸಿದನೋ ಇಲ್ಲವೋ ಗೊತ್ತಿಲ್ಲ. ಕಾಗದ ಈಗ ನನ್ನೆದುರಿಗಿಲ್ಲ, ನೆನಪಿನಿಂದ ನಮ್ಮ ಭಾಷೆಗೆ ತಂದು ಬರೆಯುತ್ತಿದ್ದೇನೆ, ಆದರೆ ಏನೂ ಬಿಟ್ಟಿಲ್ಲ: “ನೀನು ಶಿಬಿರಕ್ಕೆ ಬಂದ ದಿನದಿಂದ ನನಗೊಂದು ಚಾಳಿ ಅಂಟಿತ್ತು. ನಿಂತಲ್ಲೆಲ್ಲ ಹಿಂದಕ್ಕೆ ತಿರುಗಿ, ಗುಡಾರದಿಂದ ಬಂದ ದಾರಿಗೆ ಸೂಜಿ ಹಿಡಿದು ಆ ಕೋನವನ್ನೇ ಬರೆಯುತ್ತಿದ್ದೆ. ಮುಂದೆ ಓದುವವರು ಬೈಯುತ್ತಾರೆ. ಬೈಯಲಿ. ನೀನು ಹಡಗು ಹತ್ತಿ ನಲವತ್ತು ದಿನವಾಯಿತು. ಈಗ ಮುಂದಕ್ಕೆ ನೋಡಿ ಬರೆಯುತ್ತಿದ್ದೇನೆ. ಎಲ್ಲ ಸರಿಯಾಗಿ ಹೊಂದುತ್ತಿದೆ.” ಪತ್ರ ಅಲ್ಲಿಗೆ ನಿಲ್ಲುತ್ತದೆ. ಅವಳು ಶಿಬಿರದಲ್ಲಿದ್ದ ತಿಂಗಳುಗಳನ್ನು ಲೆಕ್ಕ ಹಾಕಿ ನೋಡಿದೆ, ಒಂಬತ್ತು ಮತ್ತು ಹತ್ತನೆಯ ಪುಸ್ತಕಗಳು, ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇದನ್ನು ಅಪ್ಪನಿಗೆ ಓದಿ ಹೇಳಿಲ್ಲ. ನಾನು ಓದಿದರೆ ಅಂಕಿ ಕೇಳಿಸುತ್ತದೆ. ನೀನು ಬಂದು ಓದಬೇಕು. ಆ ಟ್ರೇಸಿಂಗ್ ಕಾಗದ ನೀನು ಬಿಸಾಡಿರಲಾರೆ, ಅದನ್ನೂ ತಾ. ಬೆಳಗಿನ ಹೊತ್ತು ಕಿಟಕಿಯ ಗಾಜಿಗೆ ಹಿಡಿದರೆ ಅಪ್ಪನಿಗೆ ಇನ್ನೂ ಗೆರೆಗಳು ಕಾಣುತ್ತವೆ. ಇಪ್ಪತ್ತನಾಲ್ಕರ ನಂತರದ ಮಾತು ನನಗೆ ಗೊತ್ತಿಲ್ಲ. ಹೋದ ವಾರ ಅವರು ಹಳೆಯ ದಿಕ್ಸೂಚಿ ತೆಗೆಸಿ ಅಂಗೈಯಲ್ಲಿಟ್ಟುಕೊಂಡು, ನೀನಿರುವ ಊರು ಇಲ್ಲಿಂದ ಎಷ್ಟು ಡಿಗ್ರಿ ಎಂದು ಕೇಳಿದರು. ಅಟ್ಲಾಸ್ ನೋಡಿ ಒಂದು ಅಂದಾಜು ಹೇಳಿದೆ. ಅಂದಾಜು ಬೇಡ ಎಂದರು. ಕೋನಮಾಪಕ ಇಟ್ಟು ಅಳೆದು ಹೇಳಿದೆ. ಬರೆದುಕೊಳ್ಳಲಿಲ್ಲ. ಕೂತಿದ್ದ ಕುರ್ಚಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡರು, ಅಷ್ಟೇ. ಕುರ್ಚಿ ಈಗಲೂ ಹಾಗೇ ಇದೆ. ಓಡಾಡುವಾಗ ಅಡ್ಡ ಸಿಗುತ್ತದೆ, ಆದರೂ ಅಮ್ಮ ಸರಿಸುವುದಿಲ್ಲ.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಬೆರಳಿಗೆ ಉಣ್ಣೆಯ ಕೈಗವಸು ಹಾಕಿಕೊಳ್ಳಬೇಕಂತೆ. ಅಪ್ಪ ಏನೂ ತಿಳಿಸಲಿಲ್ಲ. ನಿನಗೆ ಬರೆಯುತ್ತಿದ್ದೇನೆ ಎಂದಾಗ, ಪೆನ್ನಿನಲ್ಲಿ ಶಾಯಿ ಇದೆಯಾ ಎಂದು ಕೇಳಿದರು.

ನಿನ್ನ ತಂಗಿ,
ಬಾಲಂಗೋಚಿ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ದೊರೆಯ ಆ ಕಾಗದ ಯಾವಾಗ ಸಿಕ್ಕಿತು ಎಂದು ಮೇಲೆ ಬರೆದಿಲ್ಲ, ನೀನು ಗಮನಿಸಿರುತ್ತೀಯ. ಸಿಕ್ಕಿ ಎರಡು ವರ್ಷವಾಯಿತು. ಆಗ ಅಪ್ಪನಿಗೆ ಎರಡು ಕಣ್ಣೂ ಇದ್ದವು. ತೋರಿಸಿದ್ದರೆ ಮರುದಿನವೇ ನಿನ್ನನ್ನು ಕರೆಸುತ್ತಿದ್ದರು, ನೀನು ಬಂದಿದ್ದರೆ ಸಂಜೆಯ ಆ ಒಂದು ಗಂಟೆ ನನಗೆ ಉಳಿಯುತ್ತಿರಲಿಲ್ಲ. ಕಾರಣ ಇಷ್ಟೇ. ಕಾಗದವನ್ನು ಮತ್ತೆ ಅದೇ ಕಲ್ಲಿಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ, ಈಗಲೂ ಅಲ್ಲೇ ಇದೆ. ನೀನು ಬಂದ ದಿನ ನಿನ್ನ ಎದುರಿಗೇ ಅಪ್ಪನಿಗೆ ಎಲ್ಲ ಹೇಳುತ್ತೇನೆ. ಬೈಯುವುದನ್ನು ಕಾರ್ಡಿನಲ್ಲಿ ಬರೆಯಬೇಡ, ಎರಡು ಸಾಲು ಸಾಕಾಗುವುದಿಲ್ಲ. ಬಂದು ಬೈ.