ಎರಡು ಸೀಟಿ ಊದಿದರೆ ಹೊರಟೆವು

ಮಂಗಳವಾರ, ಹದಿನೇಳನೇ ತಾರೀಕು
ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಜೋರು ಮಗಳಿಗೆ,

ಅಮ್ಮನ ಆಶೀರ್ವಾದ. ನೀನು, ಅಳಿಯ, ಹಲ್ಲು ಬಿದ್ದ ನನ್ನ ಮೊಮ್ಮಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀನು ಫೋನಿನಲ್ಲಿ ಕೂಗಾಡಿ ಒಂಬತ್ತು ದಿನವಾಯಿತು. ಆಮೇಲೆ ನಾಲ್ಕು ಸಲ ಮಾಡಿದೆ, ನಾನು ಎತ್ತಲಿಲ್ಲ. ತಪ್ಪಾಯಿತು. ಗಾಬರಿಯಾಗಿ ಕೆಳಗಿನ ಲಾಂಡ್ರಿಯವರಿಗೆ ಮಾಡಿದೆಯಂತೆ. "ಚೆನ್ನಾಗಿದ್ದಾರೆ, ಸಿಟ್ಟಲ್ಲಿದ್ದಾರೆ ಅಷ್ಟೆ" ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ. ಕಾಗದಕ್ಕಾದರೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ ನೋಡು, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಕಾರು ತಂದು, ನನ್ನ ಸಾಮಾನು ಕಟ್ಟಿಸಿ, ನಿನ್ನ ಮನೆಯ ಹಿಂದಿನ ಕೋಣೆಯಲ್ಲಿ ನನ್ನನ್ನು ಮಲಗಿಸುವುದೆಂದು ತೀರ್ಮಾನ ಮಾಡಿದ್ದೀಯ. "ಆ ಮುದುಕರ ಗುಂಪು ಕಟ್ಕೊಂಡು ಬೀದಿ ಸುತ್ತಿದ್ದಕ್ಕೇ ಹಾರ್ಟ್ ಅಟ್ಯಾಕ್ ಆಗಿದ್ದು" ಎಂದೆ. ನಾನು ಬರುವುದಿಲ್ಲ. ಜಪ್ಪಯ್ಯ ಎಂದರೂ ಬರುವುದಿಲ್ಲ. ಏಕೆಂದು ಕೇಳು.

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ದುಡಿದವಳು ನಾನು. ರಿಟೈರಾದ ಮೇಲೆ ಒಂದೂವರೆ ವರ್ಷ ಈ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಕುರ್ಚಿಗೆ ಅಂಟಿಕೊಂಡು ಕೂತೆ. ಕೆಲವು ದಿನ ಸಂಜೆಯವರೆಗೆ ನನ್ನ ದನಿಯನ್ನು ನಾನೇ ಕೇಳಿರುತ್ತಿರಲಿಲ್ಲ. ಬಿ.ಪಿ. ಏರಿ ಕೂತಿತ್ತು. ಆಗ ಡಾಕ್ಟರಮ್ಮ, "ಮಾತ್ರೆ ನಾನು ಬರ್ಕೊಡ್ತೀನಿ, ಜನರನ್ನ ನೀವೇ ಹುಡುಕ್ಕೋಬೇಕು" ಎಂದರು. ನನಗೆ ರೋಷ ಬಂತು. ಜೀವಮಾನವಿಡೀ ಜನರನ್ನು ತುಂಬಿಕೊಂಡು ಓಡಾಡಿದವಳಿಗೆ ಈ ಮಾತೇ?

ಹಾಗೆ ಹೊರಟಿತು ನಮ್ಮ ಕಾಲ್ನಡಿಗೆಯ ಬಸ್ಸು. ನಾಲ್ಕು ಸ್ಟಾಪು: ಲಾಂಡ್ರಿ, ಔಷಧಿ ಅಂಗಡಿ, ಅಂಚೆ ಡಬ್ಬಿ, ಗ್ರಂಥಾಲಯದ ಮೆಟ್ಟಿಲು. ಪ್ರತಿ ಸ್ಟಾಪಿನಲ್ಲೂ ಒಬ್ಬಿಬ್ಬರು ಹತ್ತುತ್ತಾರೆ, ಅಂದರೆ ಜೊತೆಗೆ ಸೇರುತ್ತಾರೆ. ಎರಡು ಸೀಟಿ ಊದಿದರೆ ಹೊರಟೆವು, ಒಂದು ಊದಿದರೆ ನಿಂತೆವು. ಹತ್ತಬೇಕಾದವರು ಸ್ಟಾಪಿನಲ್ಲಿ ಇಲ್ಲದಿದ್ದರೆ ಬಸ್ಸು ಮುಂದೆ ಹೋಗುವಂತಿಲ್ಲ. ಎಲ್ಲರೂ ಅವರ ಮನೆ ಬಾಗಿಲಿಗೆ ಹೋಗಬೇಕು. ಗಡಿಯಾರ ರಿಪೇರಿಯವರು ಒಮ್ಮೆ ನನ್ನ ಮೇಲೆ ಮುನಿಸಿಕೊಂಡು ಮನೆಯಲ್ಲೇ ಉಳಿದರು. ಎಂಟು ಜನ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದು ನೋಡಿ, "ಒಂದಿನ ನೆಮ್ಮದಿಯಾಗಿ ಮುನಿಸ್ಕೊಳ್ಳೋಕೂ ಬಿಡಲ್ವಲ್ರೀ" ಎಂದು ಚಪ್ಪಲಿ ಮೆಟ್ಟಿ ಬಂದರು.

ಇನ್ನೊಂದು ನಿಯಮ, ನಡೆಯುವಾಗ ಮಾತಾಡುತ್ತಲೇ ಇರಬೇಕು. ಮಾತಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ಲೆಕ್ಕ. ಮಂಡಿನೋವಿನ ಟೈಲರ್ ನಡಿಗೆಯಲ್ಲಿ ಯಾವಾಗಲೂ ಕೊನೆ, ಮಾತಿನಲ್ಲಿ ಎಲ್ಲರಿಗಿಂತ ಮೊದಲು.

ಈಗ ಆ ದಿನದ ಮಾತು. ಅಂಚೆ ಡಬ್ಬಿಯ ಹತ್ತಿರ ನನ್ನ ಎದೆ ಹಿಂಡಿತು. ಯಾರಿಗೂ ಹೇಳಲಿಲ್ಲ, ಗ್ಯಾಸ್ ಎಂದುಕೊಂಡೆ. ಆದರೆ ಟೈಲರ್‌ಗೆ ಬೈಯುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ವಿಜ್ಞಾನದ ಟೀಚರ್ ತಿರುಗಿ ನೋಡಿದರು. "ಕಂಡಕ್ಟರಮ್ಮ ಬೈಗುಳ ನುಂಗಿದ್ರು ಅಂದ್ರೆ ಏನೋ ಆಗಿದೆ, ಕೂರಿಸ್ರೀ ಅವರನ್ನ" ಎಂದರು. ಟೈಲರ್ ನನ್ನ ಕೊರಳಿನ ಸೀಟಿ ಕಿತ್ತುಕೊಂಡು ಊದಿದ ರಭಸಕ್ಕೆ ಔಷಧಿ ಅಂಗಡಿಯವರು ಅಂಗಡಿ ಬಿಟ್ಟು ಓಡಿಬಂದರು. ಆಂಬ್ಯುಲೆನ್ಸ್ ಬರುವವರೆಗೆ ಟೀಚರ್ ನನ್ನ ಕೈ ಬಿಡಲಿಲ್ಲ.

ರಕ್ತನಾಳ ಕಟ್ಟಿಕೊಳ್ಳುತ್ತಾ ಬಂದು ವರ್ಷಗಳೇ ಆಗಿವೆ, ನಡೆದಿದ್ದಕ್ಕೆ ಆದದ್ದಲ್ಲ ಎಂದು ಡಾಕ್ಟರಮ್ಮ ನಿನ್ನೆದುರಿಗೇ ಹೇಳಿದರು. "ಇನ್ನರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು" ಎಂದೂ ಹೇಳಿದರು. ನೀನು ಮೊದಲಿನದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಕೋಣೆಯಲ್ಲಿ ಒಬ್ಬಳೇ ಇದ್ದಿದ್ದರೆ ಆ ಅರ್ಧ ಗಂಟೆಯನ್ನು ನನಗೆ ಯಾರು ಉಳಿಸುತ್ತಿದ್ದರು ಹೇಳು?

ಆಸ್ಪತ್ರೆಯ ಎರಡನೇ ದಿನ ಅವರೆಲ್ಲ ನನ್ನನ್ನು ನೋಡಲು ಬಂದಿದ್ದರು. ನೀನು ಬಾಗಿಲಲ್ಲೇ ತಡೆದು, "ಅಮ್ಮ ಮಲಗಿದ್ದಾರೆ. ದಯವಿಟ್ಟು ಇನ್ನು ಬರ್ಬೇಡಿ" ಎಂದೆ. ನಾನು ಮಲಗಿರಲಿಲ್ಲ. ಪರದೆಯ ಹಿಂದೆ ಕಣ್ಣು ಬಿಟ್ಟುಕೊಂಡೇ ಇದ್ದೆ. ಆಗ ಜಗಳ ಕಾಯದೆ ಸುಮ್ಮನಿದ್ದದ್ದಕ್ಕೆ ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

ನಿನ್ನೆಯಿಂದ ಮತ್ತೆ ಶುರು ಮಾಡಿದ್ದೇನೆ. ಬಾಯಿ ಮುಚ್ಚು, ಪೂರ್ತಿ ಓದು. ಡಾಕ್ಟರಮ್ಮ ಚೀಟಿಯಲ್ಲೇ ಬರೆದಿದ್ದಾರೆ: ಸಮತಟ್ಟು ದಾರಿ, ಹತ್ತು ನಿಮಿಷ, ಜೊತೆಗೆ ಜನ ಇರಲಿ. ರಿಪೇರಿಯವರು ಗಡಿಯಾರ ಹಿಡಿದು ಪಕ್ಕದಲ್ಲೇ ನಡೆಯುತ್ತಾರೆ, ಹನ್ನೊಂದನೇ ನಿಮಿಷಕ್ಕೆ ಪೊಲೀಸರ ಹಾಗೆ ಅಡ್ಡ ನಿಲ್ಲುತ್ತಾರೆ. ನಾಲಿಗೆಯ ಕೆಳಗಿಡುವ ಮಾತ್ರೆ ಟೀಚರ ಚೀಲದಲ್ಲಿದೆ. ನನ್ನ ಮಾತ್ರೆಗಳನ್ನು ಒಂದೂ ತಪ್ಪಿಸಿಲ್ಲ. ಉಪ್ಪು ಬಿಟ್ಟ ಊಟ ಉಣ್ಣುತ್ತಿದ್ದೇನೆ, ಅದಕ್ಕೆ ಮಾತ್ರ ನೀನು ಎಷ್ಟು ಅನುಕಂಪ ಕೊಟ್ಟರೂ ಬೇಡವೆನ್ನುವುದಿಲ್ಲ.

ಭಾನುವಾರ ಖಂಡಿತ ಬಾ. ಆದರೆ ರಟ್ಟಿನ ಪೆಟ್ಟಿಗೆಗಳನ್ನು ತರಬೇಡ, ನಡೆಯಲು ಬರುವ ಬೂಟು ಹಾಕಿಕೊಂಡು ಬಾ. ಸಂಜೆ ಆರೂವರೆಗೆ ಲಾಂಡ್ರಿ ಸ್ಟಾಪಿನಲ್ಲಿರು. ದಿನಕ್ಕೆ ಹತ್ತು ಗಂಟೆ ಕೂತು ಕೆಲಸ ಮಾಡುವ ನಿನ್ನ ಹೃದಯವನ್ನೂ ಯಾರಾದರೂ ವಿಚಾರಿಸಬೇಕಲ್ಲ. ಬರದಿದ್ದರೆ ನಮ್ಮ ನಿಯಮ ಗೊತ್ತೇ ಇದೆ, ಒಂಬತ್ತೂ ಜನ ನಿನ್ನ ಬಾಗಿಲಿಗೆ ಬರುತ್ತೇವೆ.

ನೂರು ಕಾಲ ಬಾಳು, ಬಾಳುವಷ್ಟು ಕಾಲವೂ ನಾಲ್ಕು ಜನರ ನಡುವೆ ಬಾಳು.

ನಿನ್ನ ಹಟಮಾರಿ
ಅಮ್ಮ

ಮರೆತಿದ್ದಲ್ಲ, ಕೊನೆಗೆಂದು ಇಟ್ಟದ್ದು: ನಿನ್ನ ಅಪ್ಪನಿಗೆ ಮೊದಲ ಸಲ ಎದೆನೋವು ಬಂದಾಗ ನೀನು ಹಾಸ್ಟೆಲಿನಲ್ಲಿದ್ದೆ. ಆಮೇಲಿನ ಎಂಟು ತಿಂಗಳು ಅವರನ್ನು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಗೊಡಲಿಲ್ಲ ನಾನು. ಅವರ ಜೊತೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಮೂವರು ಗೆಳೆಯರು ಸಂಜೆ ಕೇರಂ ಆಡೋಣವೆಂದು ಬರುತ್ತಿದ್ದರು. "ಅವರು ಮಲಗಿದ್ದಾರೆ, ದಯವಿಟ್ಟು ಇನ್ನು ಬರ್ಬೇಡಿ" ಎಂದು ನಾನೇ ಬಾಗಿಲಲ್ಲಿ ಹೇಳುತ್ತಿದ್ದೆ. ಆಸ್ಪತ್ರೆಯಲ್ಲಿ ನೀನು ಆಡಿದ್ದು ನನ್ನದೇ ಮಾತು ಮಗಳೇ. ಅದರಿಂದಲೇ ಅಪ್ಪ ಹೋದರೆಂದು ಯಾವ ಡಾಕ್ಟರೂ ಹೇಳಿಲ್ಲ. ಆದರೆ ಒಂದು ಸಂಜೆ ಅವರು ಒಳಗಿನಿಂದ, "ಇವತ್ತೂ ಯಾರೂ ಬರ್ಲಿಲ್ವೇನೇ?" ಎಂದು ಕೇಳಿದರು. ನಾನು ಬಾಗಿಲ ಚಿಲಕ ಹಾಕುತ್ತಾ, "ಯಾರೂ ಬರ್ಲಿಲ್ಲ" ಎಂದೆ. ಆ ಮೂವರು ಇನ್ನೂ ಮೆಟ್ಟಿಲು ಇಳಿಯುತ್ತಿದ್ದರು.