ಡ ಇಲ್ಲದ ಕಂಪ್ಯೂಟರ್

ಸೆಲೋರ್ಮ್,

ಅಮ್ಮನ ಅಂತ್ಯಕ್ರಿಯೆಯ ಪುಸ್ತಿಕೆಯನ್ನು ಪೆನ್‌ಡ್ರೈವಿನಲ್ಲಿ ಅಚ್ಚಿಗೆ ಕೊಡಲು ಹೊರಟಿದ್ದೇನೆ. ಇವತ್ತು ಕೊಡದಿದ್ದರೆ ಶನಿವಾರ ಅಂತ್ಯಕ್ರಿಯೆಗೆ ಬಂದವರಿಗೆ ಹಂಚಲು ಸಿಗದು. ಬೆಂಡೆಕಾಯಿ ಸಾರು ಒಲೆಯ ಮೇಲಿದೆ, ಜೊತೆಗೆ ಅಕ್ಪ್ಲೆ ಮುದ್ದೆ ನೀನೇ ತಿರುವಿಕೋ.

"ಅಕ್ಕಾ, ಸಿಸ್ಟಂ ಹೊಸದಾಗಿ ಹಾಕ್ತೀನಿ, ನಿನ್ ಫೈಲ್ ಒಂದೂ ಹೋಗಲ್ಲ" ಅಂದೆ ನೀನು. ಹೋಗಲಿಲ್ಲ, ಒಪ್ಪುತ್ತೇನೆ. ಆದರೆ ಕಂಪ್ಯೂಟರಿನ ಜೊತೆಗೇ ಬಂದಿದ್ದ, ನಮ್ಮ ಎವೆ ಭಾಷೆಯ ಕೀಲಿಮಣೆ ತಂತ್ರಾಂಶ ಅಳಿಸಿಹೋಯಿತು. ಅದನ್ನು ಹಾಕಿಕೊಟ್ಟಿದ್ದ ಅಂಗಡಿಯವನು ಲೋಮೆ ಪಟ್ಟಣ ಸೇರಿ ಎರಡು ವರ್ಷವಾಯಿತು; ನೆಟ್ ಸತ್ತು ಮೂರು ದಿನ.

ಉಳಿದಿದ್ದ ಪುಟಗಳನ್ನು, ನಮ್ಮ ಲಿಪಿಯ ಬಾಲವಿರುವ ಡ ಬರಬೇಕಾದಲ್ಲೆಲ್ಲ ಬಾಲವಿಲ್ಲದ ದ ಒತ್ತಿ ಮುಗಿಸಿದೆ. ಡಾ ಎಂದರೆ ಕೂದಲು, ದಾ ಎಂದರೆ ಹಾವು, ನಿನಗೆ ಮರೆತಿರಬಹುದು. ಅಮ್ಮನ ಕೂದಲು ಕೊನೆಯವರೆಗೂ ಕಪ್ಪಗಿತ್ತು ಎಂದು ಚಿಕ್ಕಮ್ಮ ಬರೆದದ್ದು, ಈಗ ಅಮ್ಮನ ಹಾವು ಕೊನೆಯವರೆಗೂ ಕಪ್ಪಗಿತ್ತು ಎಂದಾಗಿದೆ. ನಾನು ನಕ್ಕೆ. ಆಮೇಲೆ ಅಳು ನಿಲ್ಲಲಿಲ್ಲ.

ಮೇಜಿನ ಮೇಲೆ ಕರಿ ಪೆನ್ನಿದೆ. ಇನ್ನೂರು ಪ್ರತಿ ಬಂದ ಮೇಲೆ ಒಂದೊಂದು ಅಕ್ಷರಕ್ಕೂ ಕೈಯಿಂದ ಬಾಲ ಹಾಕಬೇಕು. ಮುಖಪುಟದಿಂದ ಶುರು ಮಾಡು. ಅಲ್ಲಿ ಅಮ್ಮನ ಹೆಸರು ಜಿಗ್ಬೋಡಿ ಅಂತಿಲ್ಲ, ಜಿಗ್ಬೋದಿ ಅಂತಿದೆ. ಊರಿನ ಮಕ್ಕಳಿಗೆಲ್ಲ ಆ ಬಾಲ ತಿದ್ದಿಸಿದವಳ ಹೆಸರನ್ನೇ ನಾವಿಬ್ಬರೂ ಸೇರಿ ತಪ್ಪು ಬರೆದೆವು.

ಅಕ್ಕ