ಕಾಲೇಜಿನ ಮೆಟ್ಟಿಲು ಹತ್ತದವರು

ಸತ್ಯನಾರಾಯಣಪೇಟೆ, ಬಳ್ಳಾರಿ
ಗುರುವಾರ, ೧೬ ಜನವರಿ ೨೦೨೫

ಪ್ರೀತಿಯ ಸಂಪದಾ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀಯೇ? ಕೇಸಿಗೆಂದು ಹೋಗಿದ್ದೀಯ, ಕಲಬುರಗಿಯ ನೀರು ಒಗ್ಗಿತೋ ಇಲ್ಲವೋ? ಹೊರಡುವಾಗ ಇದ್ದ ಕೆಮ್ಮು ಹೋಯಿತೇ? ಚಿಕ್ಕಮ್ಮನ ಮನೆಯಲ್ಲಿ ಸಂಕೋಚಪಟ್ಟುಕೊಂಡು ಅರ್ಧ ಹೊಟ್ಟೆ ಉಣ್ಣಬೇಡ. ಅವಳು ಜುಗ್ಗಿಯಲ್ಲ, ಮಾತಿಗೆ ಕೂತರೆ ಬಡಿಸುವುದನ್ನು ಮರೆಯುತ್ತಾಳೆ ಅಷ್ಟೇ, ಕೇಳಿ ಹಾಕಿಸಿಕೋ. ಇಲ್ಲಿ ನಿಮ್ಮ ಅಪ್ಪನ ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ. ಸಂಕ್ರಾಂತಿಯ ದಿನ ನನ್ನ ಕಣ್ಣು ತಪ್ಪಿಸಿ ಎಳ್ಳುಂಡೆ ಬಾಯಿಗೆ ಹಾಕಿಕೊಂಡು, ಹಲ್ಲಿನ ಮೇಲೆ ಎಳ್ಳು ಕಾಣುತ್ತಿರುವಾಗಲೇ "ನಾ ಎಲ್ಲಿ ತಿಂದೀನಿ?" ಎಂದು ವಾದಕ್ಕೆ ನಿಂತರು. ನಿನ್ನ ಮಗಳು ಸುಖವಾಗಿದ್ದಾಳೆ. ಅಜ್ಜಿ ಹಾಕುವ ಜಡೆ ಒಂದು ಮೇಲೆ ಒಂದು ಕೆಳಗೆ ಬರುತ್ತದೆ ಎಂಬುದೊಂದೇ ವಿಭಾಳ ದೂರು. ಪರೀಕ್ಷೆಗೆ ಓದುತ್ತಿದ್ದಾಳೆ, ಮಧ್ಯೆ ಮಧ್ಯೆ ಅಮ್ಮ ಯಾವಾಗ ಬರ್ತಾಳೆ ಎಂದು ಕೇಳುತ್ತಾಳೆ. ಬರ್ತಾಳೆ ಎನ್ನುತ್ತೇನೆ.

ದಿನಾ ಫೋನಿನಲ್ಲಿ ಮಾತನಾಡುವವಳು ಈಗೇಕೆ ಕಾಗದ ಹಿಡಿದು ಕೂತಳು ಎಂದುಕೊಳ್ಳುತ್ತೀಯ. ಫೋನಿನಲ್ಲಿ ನೀನು "ಹೆಸರು ಬರೆದಿಟ್ಟೆಯಾ?" ಎನ್ನುತ್ತೀಯ, ನಾನು "ಊಟ ಆಯ್ತಾ?" ಎನ್ನುತ್ತೇನೆ. ನೀನು ಮತ್ತೆ ಹೆಸರು ಎನ್ನುತ್ತೀಯ, ನಾನು ಕೆಮ್ಮಿಗೆ ಕಷಾಯ ಮಾಡಿಕೊಂಡೆಯಾ ಎನ್ನುತ್ತೇನೆ. ಮೊನ್ನೆ ನೀನು "ನಿನಗ ನಿನ್ನ ಶಿಷ್ಯರ ಹೆಚ್ಚು ಬಿಡು" ಎಂದು ಪಟ್ಟನೆ ಇಟ್ಟುಬಿಟ್ಟೆ. ಆ ದಿನ ನಾನು ಅತ್ತೆ. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಅನ್ನ ತಳ ಹಿಡಿಯಿತು.

ನಿನ್ನ ಸಂಕಟ ನನಗೆ ಅರ್ಥವಾಗುವುದಿಲ್ಲ ಎಂದು ಮಾತ್ರ ತಿಳಿಯಬೇಡ. ಹೈಸ್ಕೂಲು ಹಿಂದಿ ಶಿಕ್ಷಕರ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ನಿನ್ನ ಹೆಸರು ಕಂಡ ದಿನ ಮಠಕ್ಕೆ ಓಡಿಹೋಗಿ ರಾಯರಿಗೆ ಹೆಜ್ಜೆ ನಮಸ್ಕಾರ ಹಾಕಿದವಳು ನಾನೇ. ಅದರ ಬೆನ್ನಿಗೇ ಯಾರೋ ಆಕ್ಷೇಪಣೆ ಹಾಕಿದರು. ಈಕೆ ಹಿಂದಿ ಸಭೆಯ ಪ್ರವೀಣ ಪರೀಕ್ಷೆ ಪಾಸಾದವಳು, ಕಾಲೇಜಿನ ಬಿ.ಎ. ಅಲ್ಲ, ಪ್ರವೀಣವು ಪದವಿಗೆ ತತ್ಸಮಾನವಲ್ಲ ಎಂದು. ಮುಗಿಯಿತು, ನಿನ್ನ ಹೆಸರಿನ ಮುಂದೆ 'ತಡೆಹಿಡಿಯಲಾಗಿದೆ' ಎಂದು ಬಂತು. ವಯಸ್ಸಿನ ಮಿತಿ ನೋಡಿದರೆ ನಿನಗೆ ಇದೇ ಕೊನೆಯ ಸಲ. ಇಷ್ಟು ವರ್ಷ ಖಾಸಗಿ ಶಾಲೆಗಳಲ್ಲಿ, ಬೇಸಿಗೆ ರಜೆಗೆ ಪಗಾರವಿಲ್ಲದೆ, ಗಂಟಲು ಹರಿದುಕೊಂಡದ್ದನ್ನು ನಾನು ನೋಡಿಲ್ಲವೇ? "ಇದೇ ಪ್ರಮಾಣಪತ್ರದ ಮೇಲೆ ಸರಕಾರಿ ನೌಕರಿಯಲ್ಲಿ ಇರುವವರ ಹೆಸರು ತನ್ನಿ, ಅವರಿಗೆ ನಡೆದದ್ದು ಇವರಿಗೇಕೆ ನಡೆಯುವುದಿಲ್ಲ ಎಂದು ಕೇಳುತ್ತೇನೆ" ಎಂದು ನಿನ್ನ ವಕೀಲರು ಹೇಳಿದ್ದು ನ್ಯಾಯವೇ. ಆ ಹೆಸರುಗಳು ನನ್ನ ನಾಲಿಗೆಯ ಮೇಲೇ ಇವೆ. ಎಲ್ಲರೂ ನಮ್ಮ ಪಡಸಾಲೆಯ ಚಾಪೆಯ ಮೇಲೆ ಕೂತು ಪ್ರವೇಶಿಕಾ, ವಿಶಾರದ, ಪ್ರವೀಣ ಎಂದು ಒಂದೊಂದೇ ಪರೀಕ್ಷೆ ದಾಟಿದವರು. ನಾನು ಕುರುಗೋಡಿನ ಹೈಸ್ಕೂಲಿಗೆ ಹಿಂದಿ ಟೀಚರಾಗಿ ಸೇರಿದ್ದೂ ಅದೇ ಪ್ರವೀಣದ ಮೇಲೆ, ನಿವೃತ್ತಿಯಾದದ್ದೂ ಅದರ ಮೇಲೆಯೇ. ಹಿಂದಿಯ ಮಟ್ಟಿಗೆ ಅದು ಬಿ.ಎ.ಗೆ ಸಮ ಎಂದು ಸರಕಾರವೇ ಆದೇಶ ಮಾಡಿತ್ತು, ಕಾಲಕಾಲಕ್ಕೆ ಅದನ್ನು ಮುಂದುವರಿಸುತ್ತಿತ್ತು. ಮಧ್ಯೆ ಕೆಲವು ವರ್ಷ ಮುಂದುವರಿಸುವುದನ್ನು ಮರೆತರಂತೆ. ಅವರು ಮರೆತದ್ದು ನಮಗೇನು ಗೊತ್ತು? ನಾವು ಪರೀಕ್ಷೆಗೆ ಓದಿಕೊಂಡೇ ಇದ್ದೆವು.

ಈಗ ನಾನು ಹೆಸರು ಯಾಕೆ ಕೊಡಲಿಲ್ಲ ಕೇಳು. ನೀನು ನನ್ನ ಹಳೆಯ ಶಿಷ್ಯ, ಈಗ ಸರಕಾರಿ ಮೇಷ್ಟ್ರಾಗಿರುವ ಹೊನ್ನೂರಪ್ಪನಿಗೆ ಫೋನ್ ಮಾಡಿ ಯಾವ ವರ್ಷ ಪಾಸಾದಿರಿ ಎಂದು ಕೇಳಿದೆಯಲ್ಲ, ಮರುದಿನ ಬೆಳಿಗ್ಗೆಯೇ ಸಿರಿಗೇರಿಯಿಂದ ಬೈಕಿನ ಮೇಲೆ ಬಂದ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ನಿನಗೆ ಅವನ ನೆನಪಿದೆ, ಭಾನುವಾರ ಭತ್ತದ ಲಾರಿಯ ಮೂಟೆಗಳ ಮೇಲೆ ಕೂತು ಬಳ್ಳಾರಿಗೆ ಬರುತ್ತಿದ್ದ, ಬಾಗಿಲಲ್ಲಿ ನಿಂತು ತಲೆ ಕೊಡವಿದರೆ ಹೊಟ್ಟು ಉದುರುತ್ತಿತ್ತು. ಈಗ ಅವನದೇ ತಲೆ ಪೂರ್ತಿ ನರೆತಿದೆ. "ಅಕ್ಕೋರೆ, ನಿಮ್ಮ ಕಾಲು ಹಿಡೀತೀನ್ರಿ, ಸಂಪದಕ್ಕಗ ಕೋರ್ಟಿಗಿ ಹೋಗಬ್ಯಾಡ ಅಂತ ಹೇಳ್ರಿ. ಆ ನಡುವಿನ ವರ್ಸದಾಗ ಪಾಸಾದಾಂವ ನಾನು. ಜಡ್ಜ್ ಸಾಹೇಬ್ರು ಇದು ಡಿಗ್ರೀನ ಅಲ್ಲ ಅಂದ್ರ ನಾ ಎಲ್ಲಿಗಿ ಹೋಗ್ಲಿ? ತಗೊಂಡ ಪಗಾರನೂ ತಿರುಗಿ ಕೊಡು ಅಂತಾರಂತ" ಎಂದ. ನಾನು ಸಮಾಧಾನ ಹೇಳಲು ಹೋದೆ. "ಅಕ್ಕನ ನೌಕರಿ ಇನ್ನ ಬಂದಿಲ್ಲ, ನಮ್ಮದು ಇದ್ದದ್ದು ಹೋಗತೈತಿ" ಎಂದುಬಿಟ್ಟ. ಆ ಮಾತು ನನಗೆ ಚುಚ್ಚಿತು, ನಿನ್ನ ಪರವಾಗಿ ಚುಚ್ಚಿತು.

ಭೋಗಿಯ ದಿನ ವಿರೂಪಮ್ಮ ಬಂದಿದ್ದಳು. ಕುರುಗೋಡಿನಲ್ಲಿ ನನ್ನ ಶಾಲೆಯ ಹಿಂದಿನ ಓಣಿಯವಳು, ಶೇಂಗಾ ಸುಲಿಯುತ್ತಲೇ ಹಿಂದಿಯ ಸ್ತ್ರೀಲಿಂಗ ಪುಲ್ಲಿಂಗ ಬಾಯಿಪಾಠ ಮಾಡಿದವಳು. ಈಗ ತೆಕ್ಕಲಕೋಟೆ ಕಡೆ ಒಂದು ಹೈಸ್ಕೂಲಿನಲ್ಲಿದ್ದಾಳೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಹಬ್ಬ, ಬಿಸಿಲು, ಬಸ್ಸು, ಎಲ್ಲ ಮಾತನಾಡಿದಳು. ಚಪ್ಪಲಿ ಮೆಟ್ಟುವಾಗ ತಿರುಗಿ, "ಮಗಳ ಲಗ್ನ ಮಾಘದಾಗ ಐತ್ರಿ ಅಕ್ಕೋರೆ. ಬೀಗರು ನಾ ಸರಕಾರಿ ಟೀಚರ್ ಅಂತ ಒಪ್ಪ್ಯಾರ. ಅಲ್ಲೀತನಕ ಆದ್ರೂ ನನ್ನ ಹೆಸರು ಎತ್ತಬ್ಯಾಡ್ರಿ" ಎಂದಳು. ಎತ್ತುವುದಿಲ್ಲ ಎಂದು ತಲೆ ಮುಟ್ಟಿ ಹೇಳಿದೆ. ಅವಳು ಹೋದ ಮೇಲೆ ನಿನ್ನ ಮುಖ ಕಣ್ಣ ಮುಂದೆ ಬಂದು, ಹೆತ್ತ ಮಗಳಿಗೆ ಇಲ್ಲವೆಂದು ಊರವರಿಗೆ ಹೂಂ ಎನ್ನುವವಳು ನಾನೆಂಥ ತಾಯಿ ಎನಿಸಿತು. ಅವಳ ರೊಟ್ಟಿ ನನಗೆ ಇಳಿಯಲಿಲ್ಲ, ನಿಮ್ಮ ಅಪ್ಪ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು.

ಇಷ್ಟಾಗಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ, ಬೈಸಿಕೊಂಡು ಸುಮ್ಮನಿರುತ್ತಿದ್ದೆ. ನೀನು ಕಲಬುರಗಿಗೆ ಹೊರಡುವ ಹಿಂದಿನ ವಾರ ಹುಲುಗೇಶ ಎಂಬ ಹುಡುಗ ಬಂದಿದ್ದನಲ್ಲ, ಬಿಳಿ ಅಂಗಿಯವನು, ಕಾಲಿಗೆ ಬಿದ್ದು "ತಾಯಿ, ನಿಮಗೊಂದು ಗುರುವಂದನೆ ಇಟ್ಟುಕೊಂಡೀವಿ" ಎಂದವನು. ನೀನು ಆ ದಿನ ತತ್ಸಮಾನದ ಪತ್ರಕ್ಕಾಗಿ ಆಫೀಸು ಅಲೆಯಲು ಹೋಗಿದ್ದೆ, ಸಂಜೆ ಬಂದಾಗ ನಾನು ಹೇಳಿದ್ದಕ್ಕೆ ನೀನೂ ನಕ್ಕು, "ಸ್ಟೇಜಿನ ಮ್ಯಾಲ ಜಾಸ್ತಿ ಮಾತಾಡಬ್ಯಾಡಮ್ಮ" ಎಂದೆ. ನಾನು ಮನೆಯಲ್ಲೇ ಜಾಸ್ತಿ ಮಾತನಾಡಿ ಮುಗಿಸಿದ್ದೆ. ಸ್ಮರಣ ಸಂಚಿಕೆಗೆ ಬೇಕು, ನಿಮ್ಮ ಕೈಯಲ್ಲಿ ಕಲಿತು ಸರಕಾರಿ ಮೇಷ್ಟ್ರಾದವರು ಯಾರ್ಯಾರು, ಎಲ್ಲೆಲ್ಲಿದ್ದಾರೆ ಹೇಳಿ ಎಂದು ಫೋನನ್ನು ರೆಕಾರ್ಡಿಗೆ ಹಾಕಿ ನನ್ನ ಮುಂದಿಟ್ಟ. ನಾನು ಸೀರೆ ಬದಲಾಯಿಸಿಕೊಂಡು ಬಂದು ಕೂತು ಹೇಳಿದೆ. ಮೊದಲ ಡಿಕಾಕ್ಷನ್ನಿನ ಕಾಫಿ ಕೊಟ್ಟು ಹೇಳಿದೆ. ಒಬ್ಬೊಬ್ಬರ ಕಥೆಯನ್ನೂ ಹೇಳಿದೆ, ಅವನು "ಹೌದಾ ತಾಯಿ, ಹೌದಾ ತಾಯಿ" ಎಂದಷ್ಟೂ ನನಗೆ ಉಬ್ಬು. ಕಾಲೇಜಿನ ಮೆಟ್ಟಿಲೇ ಹತ್ತದ ಮಕ್ಕಳನ್ನು ಟೀಚರು ಮಾಡಿದೆ ನೋಡಪ್ಪ ಎಂದು ಎದೆ ತಟ್ಟಿಕೊಂಡೆ.

ನಿನ್ನೆ ಹೊನ್ನೂರಪ್ಪ ಮತ್ತೆ ಬಂದ. ಈ ಸಲ ಕೂಡಲಿಲ್ಲ. ಇಲಾಖೆಗೆ ಯಾರೋ ಒಂದು ಅರ್ಜಿ ಕೊಟ್ಟಿದ್ದಾರೆ, ಪ್ರವೀಣದ ಮೇಲೆ ನೌಕರಿಯಲ್ಲಿರುವವರನ್ನೆಲ್ಲ ತೆಗೆಯಿರಿ ಎಂದು. ಅದರ ಫೋಟೋ ವಾಟ್ಸಾಪಿನಲ್ಲಿ ತಾಲೂಕೆಲ್ಲ ಸುತ್ತುತ್ತಿದೆ. ನನ್ನ ಕನ್ನಡಕ ತರಿಸಿ ಓದಿಸಿದ. ಅಯ್ಯೋ ನನ್ನ ತಂದೆಯೇ, ಹೆಸರುಗಳು ನಾನು ಹುಲುಗೇಶನಿಗೆ ಹೇಳಿದ ಕ್ರಮದಲ್ಲೇ ಇವೆ. 'ಸದರಿಯವರು ಯಾವುದೇ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ, ಭಾನುವಾರಗಳಂದು ಭತ್ತದ ಲಾರಿಯಲ್ಲಿ ಬಂದು ಒಂದು ಮನೆಯ ಪಡಸಾಲೆಯಲ್ಲಿ ಓದಿರುತ್ತಾರೆ' ಎಂದು ಹೊನ್ನೂರಪ್ಪನ ಬಗ್ಗೆ. ವಿರೂಪಮ್ಮನ ಶೇಂಗಾವನ್ನೂ ಬಿಟ್ಟಿಲ್ಲ. ನಾನು ಅಭಿಮಾನದಿಂದ ಹೇಳಿದ ಒಂದೊಂದು ಮಾತೂ ಅವರ ಮೇಲಿನ ಆಪಾದನೆಯಾಗಿದೆ. ನಮ್ಮೂರಿನ ಯಾವ ಸಭಾಂಗಣದಲ್ಲೂ ಗುರುವಂದನೆ ಗೊತ್ತುಮಾಡಿಲ್ಲ, ಆ ಹುಲುಗೇಶನ ಫೋನು ಹತ್ತುವುದಿಲ್ಲ. ಹೊನ್ನೂರಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗುರುವಂದನಾ ಭಾಳ ಚೊಲೋ ಆತ್ರಿ ಅಕ್ಕೋರೆ" ಎಂದು ಹೇಳಿ ಹೋದ. ಇಷ್ಟು ವರ್ಷದಲ್ಲಿ ಅವನು ನಮಸ್ಕಾರ ಮಾಡದೆ ಮೆಟ್ಟಿಲಿಳಿದದ್ದು ಇದೇ ಮೊದಲು.

ಸಂಪದಾ, ನನಗೆ ಹೆದರಿಕೆಯಾಗಿದೆ ಕಣೇ. ಸುಳ್ಳೇಕೆ ಹೇಳಲಿ, ಓಣಿಯಲ್ಲಿ ಬೈಕು ನಿಂತರೆ ಯಾರು ಬಂದರೋ ಎಂದು ಒಳಕೋಣೆಗೆ ಹೋಗುತ್ತೇನೆ. ಇಂದು ಗುರುವಾರವಾದರೂ ಮಠಕ್ಕೆ ಹೋಗಲಿಲ್ಲ, ಅಲ್ಲಿ ನನ್ನ ಶಿಷ್ಯಂದಿರು ಯಾರಾದರೂ ಎದುರಾದರೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ವಿರೂಪಮ್ಮ ಫೋನ್ ಮಾಡಿಲ್ಲ. ನಾನು ಮಾಡಿದರೆ ಎತ್ತುತ್ತಿಲ್ಲ. ಅವಳ ಬೀಗರ ಕೈಗೆ ಆ ಫೋಟೋ ಸಿಕ್ಕಿತೋ, ಲಗ್ನದ ಮಾತು ಮುರಿಯಿತೋ, ಏನೇನೋ ಯೋಚನೆ ಬರುತ್ತದೆ. ನಿಮ್ಮ ಅಪ್ಪ, "ರಿಟೈರ್ ಆದೋರ ತಂಟೆಗೆ ಯಾರೂ ಬರಂಗಿಲ್ಲ. ನಿನ್ನ ಹೆಸರು ಅದರಾಗ ಇಲ್ಲಲ್ಲ? ಸುಮ್ನ ಕೂಡು, ಊರ ಉಸಾಬರಿ ಯಾಕ ಬೇಕು?" ಎನ್ನುತ್ತಾರೆ. ಅವರನ್ನೂ ಅನ್ನುವಂತಿಲ್ಲ. ಹತ್ತಿ ಜಿನ್ನಿಂಗ್ ಮಿಲ್ಲಿನ ಗುಮಾಸ್ತಿಕೆಯಲ್ಲಿ ಅವರಿಗೆ ಪಿಂಚಣಿ ಇಲ್ಲ, ಈ ಮನೆಯ ಒಲೆ, ಅವರ ಇನ್ಸುಲಿನ್, ವಿಭಾಳ ಟ್ಯೂಷನ್, ಎಲ್ಲ ನನ್ನ ಪಿಂಚಣಿಯಲ್ಲೇ ನಡೆಯಬೇಕು. ಅವರು ನನಗಿಂತ ಹೆಚ್ಚು ಹೆದರಿದ್ದಾರೆ, ಪೇಪರು ತಲೆಕೆಳಗಾಗಿ ಹಿಡಿದುಕೊಂಡು ಕೂತಿದ್ದರು.

ಮುಂದಿನ ವಾರ ನಿನ್ನ ಕೇಸು ಹಾಕುವ ದಿನ. ಹಾಕಬೇಡ ಎಂದು ಬರೆಯಲೆಂದೇ ಈ ಕಾಗದಕ್ಕೆ ಕೂತಿದ್ದೆ, ನಿಜ ಹೇಳುತ್ತೇನೆ. ಈಗ ಬೇಡವೆಂದರೂ ನನ್ನ ಶಿಷ್ಯರು ಉಳಿಯುವುದಿಲ್ಲ, ಹೂಂ ಎಂದರೆ ಇನ್ನೂ ಬೇಗ ಮುಳುಗುತ್ತಾರೋ ಏನೋ, ನನಗೆ ತಿಳಿಯದು. ನೀನು ಓದಿಕೊಂಡವಳು, ನಿನ್ನ ವಕೀಲರಿಗೆ ಈ ಅರ್ಜಿಯ ವಿಷಯ ತಿಳಿಸು. ಆ ಹುಡುಗನನ್ನು ಒಳಗೆ ಕರೆದದ್ದು ನಾನು ಎಂಬುದನ್ನೂ ಮುಚ್ಚಿಡದೆ ಹೇಳು. ಒಬ್ಬಳೇ ಕೋರ್ಟು ಕಚೇರಿ ಎಂದು ತಿರುಗಬೇಡ, ಚಿಕ್ಕಪ್ಪನನ್ನು ಕರೆದುಕೊಂಡು ಹೋಗು. ಹೊತ್ತಿಗೆ ಸರಿಯಾಗಿ ಉಣ್ಣು.

ಚಿಕ್ಕಮ್ಮ ಚಿಕ್ಕಪ್ಪನಿಗೆ ನಮ್ಮ ನಮಸ್ಕಾರ ಹೇಳು. ಅಪ್ಪ ಆಶೀರ್ವಾದ ಬರೆಯಲು ಹೇಳಿದ್ದಾರೆ. ವಿಭಾ ಏನೋ ಚಿತ್ರ ಬರೆದು ಕೊಟ್ಟಿದ್ದಾಳೆ, ಒಳಗಿದೆ. ರಾಯರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಲಕ್ಷ್ಮೀಬಾಯಿ

ತಾ.ಕ.: ಕವರು ಅಂಟಿಸುವ ಮೊದಲು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಅಪ್ಪ ಸ್ನಾನಕ್ಕೆ ಹೋಗಿದ್ದಾರೆ. ನೀನು ಎಲ್ಲರ ಹೆಸರು ಕೇಳಿದೆ, ನನ್ನದೊಂದನ್ನು ಬಿಟ್ಟು. ನನ್ನ ಪಿಂಚಣಿ ನೆನೆದೇ ಬಿಟ್ಟೆ ಎಂದು ನನಗೆ ಗೊತ್ತಿಲ್ಲವೇನೇ? ನನ್ನ ಪ್ರವೀಣದ ಪ್ರಮಾಣಪತ್ರ, ನೇಮಕದ ಆದೇಶ, ಪಿಂಚಣಿ ಆದೇಶ, ಮೂರರ ಜೆರಾಕ್ಸನ್ನೂ ಇದರೊಳಗೆ ಇಟ್ಟಿದ್ದೇನೆ. ಅಪ್ಪನಿಗೆ ಹೇಳಿಲ್ಲ. ಉಳಿದ ಯಾರ ಹೆಸರೂ ಬೇಡ, ನನ್ನೊಬ್ಬಳದನ್ನೇ ಬರೆಸು. ನನ್ನ ಪ್ರವೀಣ ಸರಿ ಎಂದಾದರೆ ಅವರದೂ ಸರಿ, ನಿನ್ನದೂ ಸರಿ. ಪೂರ್ತಿ ನೌಕರಿ ಮಾಡಿಸಿಕೊಂಡು ಪಿಂಚಣಿ ಕೊಡುತ್ತಿರುವ ಸರಕಾರ ನೀನು ಅರ್ಹಳಲ್ಲ ಎನ್ನುವುದಿದ್ದರೆ ನನ್ನ ಎದುರಿಗೇ ಎನ್ನಲಿ. ಅಂದರೂ ಅಂದಾರು. ಅಕ್ಷರ ಕೆಟ್ಟಿದೆ, ಓದಿಕೋ. ಇದು ನಿನ್ನನ್ನು ಮುಟ್ಟುವಷ್ಟರಲ್ಲಿ ನನ್ನ ಧೈರ್ಯ ಉಳಿದಿರುವುದಿಲ್ಲ. ನಾನು ಫೋನ್ ಮಾಡಿ ಬೇಡವೇ ಬೇಡ ಎಂದು ಅಳುತ್ತೇನೆ, ನನಗೆ ಗೊತ್ತು. ಕೇಳಬೇಡ. ಕೇಸಿನ ಕಾಗದಕ್ಕೆ ಸಹಿ ಮಾಡಿ ಕೊಟ್ಟುಬಿಡು.